ತಂತಿ ಅಕ್ಕ ಬದಲಿಸಿದ ಥರ್ಮಾಮೀಟರ್

ಆ ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ತಂತಿ ಅಕ್ಕ ಎಂದೇ. ಎಳ್ಳಿಗಿಂತ ತುಸು ದೊಡ್ಡದಾದ ಹರಳಿನ ಮೇಲೆ ಕೂದಲಿಗಿಂತ ತೆಳುವಾದ ನಾಲ್ಕು ಚಿನ್ನದ ತಂತಿಗಳನ್ನು ಬೆಳ್ಳಿಯ ಅಂಟಿನಿಂದ ಕೂರಿಸುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ಉಸಿರು ಬಿಗಿಹಿಡಿದು ತಂತಿ ಇಡುವಾಗ ಪಕ್ಕದಲ್ಲಿ ಯಾರಾದರೂ ಸೀನಿದರೆ ಅವರಿಗೆ ಅಂದು ಮಂಗಳಾರತಿಯೇ.

ಮೇಷ್ಟ್ರು, ಅಂದರೆ ಆ ಪ್ರಯೋಗಾಲಯದ ಪ್ರಾಧ್ಯಾಪಕರು, ಯುರೋಪಿಯಂ ಎಂಬ ಅಪರೂಪದ ಲೋಹ ಬೆರೆತ ಅರೆವಾಹಕ ಹರಳುಗಳ ಬೆನ್ನು ಹತ್ತಿದ್ದರು. ಆ ಹರಳಿನೊಳಗಿನ ಒಂದೊಂದು ಯುರೋಪಿಯಂ ಪರಮಾಣುವೂ ಒಂದು ಪುಟಾಣಿ ಕಾಂತ. ಸುಮ್ಮನೆ ಬಿಟ್ಟರೆ ಅವು ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ನಡುವೆ ಹಾಯಬೇಕಾದ ಎಲೆಕ್ಟ್ರಾನುಗಳು ಅಲ್ಲಲ್ಲೇ ಸಿಕ್ಕಿಬಿದ್ದು ರೋಧ, ಅಂದರೆ ವಿದ್ಯುತ್ತಿಗೆ ಎದುರಾಗುವ ತಡೆ, ಏರುತ್ತದೆ. ಹೊರಗಿನಿಂದ ದೊಡ್ಡ ಕಾಂತದ ಬಲ ಬಿದ್ದರೆ ಎಲ್ಲವೂ ಒಂದೇ ಕಡೆ ತಿರುಗಿ ದಾರಿ ಬಿಡುತ್ತವೆ, ರೋಧ ಕುಸಿಯುತ್ತದೆ. ಎಷ್ಟು ಕುಸಿಯುತ್ತದೆ ಎಂಬುದನ್ನು ಅಳೆಯಬೇಕಿತ್ತು. ತೊಡಕೆಂದರೆ, ಇಂಥ ಹರಳು ಒಂದಿಷ್ಟು ಬೆಚ್ಚಗಾದರೂ ಅದರ ರೋಧ ಇಳಿದುಬಿಡುತ್ತದೆ. ಆದ್ದರಿಂದ ಕೊರೆಯುವ ಆ ತಂಪು ಕೂದಲೆಳೆಯಷ್ಟೂ ಅಲುಗದಂತೆ ಕಾಯಲು ಹರಳಿನ ಪಕ್ಕದಲ್ಲೇ ಅಕ್ಕಿಕಾಳಿನಷ್ಟು ಥರ್ಮಾಮೀಟರ್ ಇರುತ್ತಿತ್ತು. ತಂಪು ಹೆಚ್ಚಾಯಿತೆಂದು ಅದು ತೋರಿಸಿದರೆ, ಅದಕ್ಕೆ ಜೋಡಿಸಿದ ಯಂತ್ರ ತಾನಾಗಿ ಹರಳಿಗೆ ತುಸು ಬಿಸಿ ಕೊಡುತ್ತಿತ್ತು.

ಆ ವರ್ಷ ತಂತಿ ಅಕ್ಕನ ಕಣ್ಣು ಕೈಕೊಟ್ಟಿತು. ಬಲಗಣ್ಣಿಗೆ ಪೊರೆ ಬರತೊಡಗಿ, ಸೂಕ್ಷ್ಮದರ್ಶಕದಲ್ಲಿ ಹರಳು ಹೊಗೆಯ ಆಚೆ ಇದ್ದಂತೆ ಕಾಣುತ್ತಿತ್ತು. ಹಿಂದೆ ಆಕೆಯ ತಾಯಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಇದ್ದ ಕಣ್ಣನ್ನೂ ಕಳೆದುಕೊಂಡಿದ್ದರು. ಆ ಹೆದರಿಕೆಗೆ ಆಕೆ ವೈದ್ಯರ ಬಳಿ ಹೋಗಲಿಲ್ಲ, ಯಾರಿಗೂ ಬಾಯಿ ಬಿಡಲೂ ಇಲ್ಲ.

ಬಸ್ ಓಡಿಸುವ ಗಂಡ ಒಂದು ಬೆಳಿಗ್ಗೆ ಟೀ ಬಾಯಿಗಿಟ್ಟು ಮುಖ ಹಿಂಡಿದ. "ಏನೇ, ಸಕ್ಕರೆ ಬದಲು ಉಪ್ಪು ಹಾಕಿದ್ದೀಯ. ನನ್ ಮೇಲೆ ಅಷ್ಟೊಂದು ಕೋಪಾನ?"

"ಯೋಚ್ನೇಲಿದ್ದೆ ರೀ" ಎಂದು ಆಕೆ ಲೋಟ ಕಿತ್ತುಕೊಂಡಳು.

ಅದೇ ವಾರ ಮೇಷ್ಟ್ರ ವಿದ್ಯಾರ್ಥಿನಿಯ ಹರಳಿಗೆ ತಂತಿ ಕೂರಿಸುವಾಗ ಚಿಮಟ ಜಾರಿ ಥರ್ಮಾಮೀಟರಿನ ಕಾಲು ಮುರಿಯಿತು. ಹೊಸದು ಬರಲು ಎರಡು ತಿಂಗಳಾದರೂ ಬೇಕು. ಹುಡುಗಿ ತಿಂಗಳ ಕೊನೆಗೆ ಪಿಎಚ್‌ಡಿ ಪ್ರಬಂಧ ಒಪ್ಪಿಸಬೇಕಿತ್ತು. ಮುರಿದದ್ದು ಯಾಕೆಂದು ಕೇಳಿದರೆ ಕಣ್ಣಿನ ಗುಟ್ಟು ರಟ್ಟಾಗುತ್ತಿತ್ತು. ತಂತಿ ಅಕ್ಕ ಕಪಾಟಿನ ತಳದಿಂದ ಹಳೆಯ ಥರ್ಮಾಮೀಟರ್ ತೆಗೆದಳು. ನೋಡಲು ಮುರಿದದ್ದರ ಅವಳಿಯಂತೆಯೇ ಇತ್ತು. ಅದರ ಡಬ್ಬಿಯ ಮೇಲೆ ಯಾರೋ ಕೆಂಪು ಅಕ್ಷರದಲ್ಲಿ "ಕಾಂತಕ್ಕೆ ಬೇಡ" ಎಂದು ಬರೆದಿದ್ದರು. ಕಾಂತದ ಬಲ ಬಿದ್ದಾಗ ಅದು ಇರುವುದಕ್ಕಿಂತ ತಣ್ಣಗೆ ತೋರಿಸುತ್ತದೆ ಎಂದು ಆಕೆಗೆ ಗೊತ್ತಿತ್ತು. ಎಷ್ಟು ಮಹಾ ವ್ಯತ್ಯಾಸ ಬಂದೀತು ಎಂದುಕೊಂಡು, ನಾಳೆ ಹೇಳಿದರಾಯಿತು ಎಂದುಕೊಂಡು, ಅದನ್ನೇ ಕೂರಿಸಿ ಯಂತ್ರಕ್ಕೆ ಗುರುತು ಸಿಗಲೆಂದು ಅದರ ಅಳತೆಯ ಲೆಕ್ಕದ ಪಟ್ಟಿಯನ್ನೂ ತುಂಬಿದಳು.

ಮರುದಿನ ಮಧ್ಯಾಹ್ನ ವಿದ್ಯಾರ್ಥಿನಿ ಓಡಿಬಂದು ಆಕೆಯನ್ನು ಅಪ್ಪಿಕೊಂಡಳು. "ಅಕ್ಕಾ, ರೋಧ ತೊಂಬತ್ತು ಪಟ್ಟು ಬಿದ್ದಿದೆ! ತೊಂಬತ್ತು! ಎಲ್ಲಾ ನಿಮ್ ಕೈಗುಣ!"

ಎಂದೂ ನಗದ ಮೇಷ್ಟ್ರು ಅಂದು ನಕ್ಕರು. ಸುಳ್ಳು ಥರ್ಮಾಮೀಟರನ್ನು ನಂಬಿ ಯಂತ್ರ ಹರಳನ್ನು ಬೆಚ್ಚಗಾಗಿಸಿದೆ, ಕುಸಿತದಲ್ಲಿ ಬಹುಪಾಲು ಆ ಬಿಸಿಯದು ಎಂದು ತಂತಿ ಅಕ್ಕನಿಗೆ ಆ ಕ್ಷಣವೇ ಹೊಳೆಯಿತು. ಹೇಳಬೇಕೆಂದು ಬಾಯಿ ತೆರೆದಳು. ಹುಡುಗಿ ಆಗಲೇ ಫೋನಿನಲ್ಲಿ ತನ್ನ ಅಮ್ಮನ ಜೊತೆ ಅಳುತ್ತ ನಗುತ್ತ ಮಾತಾಡುತ್ತಿದ್ದಳು.

ಆ ಫಲಿತಾಂಶದ ಲೇಖನ ವಿಜ್ಞಾನ ಪತ್ರಿಕೆಗೆ ಹೋಯಿತು. ತಂತಿ ಅಕ್ಕ ದಿನವೂ ಊಟ ಅರ್ಧಕ್ಕೇ ಬಿಟ್ಟು ಏಳತೊಡಗಿದಳು. ಹತ್ತನೆಯ ದಿನ ರಜೆಯಲ್ಲಿದ್ದ ಗಂಡ ಬಟ್ಟೆ ಮಡಿಸುತ್ತ "ನಿನಗೇನಾಗಿದೆ, ಹೇಳ್ತೀಯೋ ಇಲ್ವೋ?" ಎಂದಾಗ ಕಣ್ಣಿನಿಂದ ಹಿಡಿದು ಡಬ್ಬಿಯ ಕೆಂಪು ಅಕ್ಷರದವರೆಗೆ ಎಲ್ಲವನ್ನೂ ಹೇಳಿಬಿಟ್ಟಳು.

ಅವನು ಮಡಿಸುತ್ತಿದ್ದ ಅಂಗಿಯನ್ನು ಪಕ್ಕಕ್ಕಿಟ್ಟ. "ಬ್ರೇಕ್ ಸರಿಯಿಲ್ಲ ಅಂತ ಗೊತ್ತಿದ್ದೂ ನಾನು ಬಸ್ ತೆಗೆದ್ರೆ ನನಗೇನಂತೀಯ?"

"ಅನ್ನೋದೇನು, ಮನೆಗೇ ಸೇರಿಸಲ್ಲ."

"ಮತ್ತೆ?"

ಬೆಳಿಗ್ಗೆ ಆಕೆ ನೇರ ಮೇಷ್ಟ್ರ ಕೋಣೆಗೆ ಹೋದಳು. ವಿದ್ಯಾರ್ಥಿನಿಯೂ ಅಲ್ಲೇ ಇದ್ದಳು. ಮುರಿದ ಥರ್ಮಾಮೀಟರನ್ನು ಮೇಜಿನ ಮೇಲಿಟ್ಟು ನಿಂತೇ ಎಲ್ಲವನ್ನೂ ಹೇಳಿದಳು.

"ಯಾಕಮ್ಮ ಅವತ್ತೇ ಹೇಳ್ಲಿಲ್ಲ?" ಮೇಷ್ಟ್ರ ದನಿ ಏರಲಿಲ್ಲ. ಏರಿದ್ದರೇ ಚೆನ್ನಾಗಿತ್ತು.

"ಕಣ್ಣು ಕಾಣ್ತಿಲ್ಲ ಅಂದಿದ್ರೆ ಮತ್ತೆ ಆ ಮೇಜಿನ ಮುಂದೆ ಕೂರೋಕೆ ಬಿಡ್ತಿದ್ರಾ ಸರ್?"

ಹುಡುಗಿ ಎದ್ದು ಹೊರಗೆ ಹೋದಳು. ಕಾರಿಡಾರಿನಲ್ಲಿ ಅವಳ ಚಪ್ಪಲಿಯ ಸದ್ದು ಕೊನೆಯವರೆಗೂ ಕೇಳಿಸಿತು.

ಲೇಖನವನ್ನು ಹಿಂದಕ್ಕೆ ತೆಗೆದುಕೊಂಡರು. ಬೇರೊಂದು ಪ್ರಯೋಗಾಲಯದಿಂದ ಸರಿಯಾದ ಥರ್ಮಾಮೀಟರ್ ಕೇಳಿ ತಂದು ಮತ್ತೆ ಅಳೆದರು. ಈ ಸಲ ತಂತಿ ಕೂರಿಸಿದ್ದು ವಿದ್ಯಾರ್ಥಿನಿಯೇ. ಮೂರು ಹರಳು ಹಾಳಾದ ಮೇಲೆ ನಾಲ್ಕನೆಯದು ಹತ್ತಿತು. ರೋಧ ಬಿದ್ದದ್ದು ಹನ್ನೊಂದು ಪಟ್ಟು. ಅದು ನಿಜವಾಗಿಯೂ ಕಾಂತದ ಕೆಲಸವೇ, ಮತ್ತು ಸಣ್ಣದೇನೂ ಅಲ್ಲ. ಆದರೆ ತೊಂಬತ್ತು ಕಂಡ ಕಣ್ಣಿಗೆ ಹನ್ನೊಂದು ಯಾವ ಲೆಕ್ಕ? ಹುಡುಗಿಯ ಪ್ರಬಂಧ ಆರು ತಿಂಗಳು ಮುಂದೆ ಹೋಯಿತು.

ತಂತಿ ಅಕ್ಕನನ್ನು ಉಗ್ರಾಣಕ್ಕೆ ಹಾಕಿದರು. ಗಂಡನ ಒತ್ತಾಯಕ್ಕೆ ಆಪರೇಷನ್ ಮಾಡಿಸಿಕೊಂಡಳು. ಅದು ಸುಸೂತ್ರವಾಗಿ ಆಯಿತು. ಪಟ್ಟಿ ಬಿಚ್ಚಿದ ದಿನ ಎದುರುಮನೆಯ ಕಿಟಕಿ ಸರಳಿನ ತುಕ್ಕು ಕೂಡ ಕಂಡಿತು. ಮೊದಲೇ ಮಾಡಿಸಿದ್ದರೆ ಎಂದು ಯಾರೂ ಅನ್ನಲಿಲ್ಲ, ಆಕೆಯೊಬ್ಬಳೇ ದಿನವೂ ಅಂದುಕೊಂಡಳು. ಹಳೆಯ ಮೇಜಿಗೆ ಆಕೆಯನ್ನು ಮತ್ತೆ ಕರೆಯಲಿಲ್ಲ.

ಒಂದು ಮಧ್ಯಾಹ್ನ ವಿದ್ಯಾರ್ಥಿನಿ ಚಿನ್ನದ ತಂತಿ ಬೇಕೆಂದು ಉಗ್ರಾಣಕ್ಕೆ ಬಂದಳು. ತಂತಿಯ ಸುರುಳಿ ಕೈಗೆ ಬಂದ ಮೇಲೂ ಹೋಗದೆ ನಿಂತಳು.

"ಬೆಳ್ಳಿ ಅಂಟು ತಂತಿ ಇಡೋದ್ರೊಳಗೆ ಒಣಗ್ತಿದೆ. ನೀವೇನು ಮಾಡ್ತಿದ್ರಿ?"

"ಫ್ಯಾನ್ ಆಫ್ ಮಾಡು. ಅಂಟು ತೆಳು ಮಾಡೋ ದ್ರವ ಒಂದೇ ಹನಿ ಹಾಕು, ಎರಡಾದ್ರೆ ಹರಿದುಹೋಗುತ್ತೆ."

ಹುಡುಗಿ ತಲೆಯಾಡಿಸಿದಳು. ಅಕ್ಕ ಎನ್ನಲಿಲ್ಲ. ಬಾಗಿಲನ್ನು ಮಾತ್ರ ಸದ್ದಾಗದಂತೆ ಮುಂದಕ್ಕೆಳೆದುಕೊಂಡು ಹೋದಳು.