ಬೀಚ್ ಮರಕ್ಕೆ ಕಟ್ಟಿದ ಕಟ್ಟೆ

ಆ ಶನಿವಾರ ಅಂಕಲ್ ದೇವಸ್ಥಾನದ ಬಯಲಿನಲ್ಲಿ, ಬೀಚ್ ಎಂಬ ಈ ಚಳಿದೇಶದ ಮರದ ಬುಡದಲ್ಲಿ ಮಂಡಿಯೂರಿ, ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಿದ್ದ ಮರದ ಚಕ್ಕೆಗಳನ್ನು ಬರಿಗೈಯಲ್ಲಿ ಎಳೆದು ಹಾಕುತ್ತಿದ್ದರು. ಉಗುರುಗಳ ತುಂಬ ಕಪ್ಪು ಮಣ್ಣು, ಮಂಡಿಯ ಕೆಳಗೆ ಹಳೆಯ ಯೋಗ ಮ್ಯಾಟಿನ ತುಂಡು. "ಹುಲ್ಲು ಕತ್ತರಿಸೋ ಲಾನ್‌ನವರಿಗೆ ಎಷ್ಟು ಸಲ ಹೇಳೋದಮ್ಮಾ? ಬೇರು ಶುರುವಾಗೋ ಜಾಗ ಕಾಣ್ತಿರಬೇಕು," ಎಂದು ಗೊಣಗಿದರು. ಎಂದಿನಂತೆ ಅವರನ್ನು ಹಾಫ್‌ಮನ್ ಎಸ್ಟೇಟ್ಸ್ ಎಂಬ ನಮ್ಮೂರಿನ ಮನೆಗೆ ಬಿಟ್ಟೆ. ಮರುದಿನ ಬೆಳಿಗ್ಗೆ ಅವರ ಹೃದಯ ನಿಂತಿತು.

ಅವರು ನಮ್ಮ ಪಕ್ಕದ ಮನೆಯವರು. ಕಣ್ಣು ಮಂಜಾದ ಮೇಲೆ ಅವರನ್ನು ದೇವಸ್ಥಾನಕ್ಕೆ ನಾನೇ ಡ್ರೈವ್ ಮಾಡಿ ಕರೆದೊಯ್ಯುತ್ತಿದ್ದೆ. ಒಳಗೆ ಮಂಗಳಾರತಿ ನಡೆಯುತ್ತಿದ್ದರೂ ಅವರು ಹೊರಗೆ, ದೊಡ್ಡ ಬಯಲಿನಲ್ಲಿ ತಾವೇ ನೆಟ್ಟ ಆ ಮರದ ಹತ್ತಿರ ಇರುತ್ತಿದ್ದರು. ಅದಕ್ಕೆ ಸುತ್ತ ನಲವತ್ತು ಅಡಿ ಜಾಗ ಬೇಕೆಂದು ಹಟ ಹಿಡಿದು ಪಾರ್ಕಿಂಗ್ ಲಾಟನ್ನೇ ಆಚೆ ಸರಿಸಿದ್ದರು. ಚಳಿಗಾಲದಲ್ಲೂ ಉದುರದ ಕಂದು ಎಲೆಗಳನ್ನು ನೋಡಿ ನನ್ನ ಮಗಳು, "ಇಸ್ ಇಟ್ ಡೆಡ್, ತಾತಾ?" ಎಂದಿದ್ದಳು.

"ನಿಮ್ಮಪ್ಪ ಭಾನುವಾರ ಸೋಫಾ ಮೇಲೆ ಹಿಂಗೇ ಇರ್ತಾನಲ್ಲ, ಸತ್ತಿರ್ತಾನಾ?"

ದೇವಸ್ಥಾನ ಸಮಿತಿಯ ಕಾರ್ಯದರ್ಶಿಗೆ ಒಂದೇ ಆಸೆ. "ಅಂಕಲ್, ಬುಡಕ್ಕೆ ಮಣ್ಣು ತುಂಬಿ ಕಲ್ಲಿನ ಕಟ್ಟೆ ಕಟ್ಟಿಸೋಣ. ಅರಳಿಕಟ್ಟೆ ಥರ. ಆಂಟಿಯರು ಕೂತ್ಕೋತಾರೆ."

"ಆಂಟಿಯರಿಗೆ ಕುರ್ಚಿ ಹಾಕ್ಸಪ್ಪ. ಇದು ಅರಳಿ ಅಲ್ಲ. ಇದರ ಬೇರು ಮೇಲ್ಮೇಲೇ ಇರುತ್ತೆ. ಮಣ್ಣು ಹೇರಿದ್ರೆ ಉಸಿರು ಕಟ್ಟಿ ಸಾಯುತ್ತೆ."

ಹನ್ನೆರಡು ವರ್ಷ ಹೀಗೆ ತಡೆದರು. ಅವರು ತೀರಿಕೊಂಡ ಒಂದು ತಿಂಗಳಿಗೆ, ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಕಾರ್ಯದರ್ಶಿ ಕಣ್ಣೊರೆಸಿಕೊಳ್ಳುತ್ತ, "ಅಂಕಲ್ ನೆನಪಿಗೆ ಅವರ ಮರಕ್ಕೊಂದು ಕಟ್ಟೆ," ಎಂದರು. ಎಲ್ಲರೂ ಕೈಯೆತ್ತಿದರು. ಮುಂದಿನ ಸಾಲಿನಲ್ಲಿ ಅಂಕಲ್ ಹೆಂಡತಿ, ನಮ್ಮ ಆಂಟಿ, ಅಳುತ್ತಿದ್ದರು. ನಾನೂ ಕೈಯೆತ್ತಿದೆ.

ಕಟ್ಟೆ ನೋಡಲು ಚೆನ್ನಾಗಿಯೇ ಇದೆ. ಎರಡು ಅಡಿ ಮಣ್ಣು, ಸುತ್ತ ನುಣುಪಾದ ಕಲ್ಲು. ಈ ಬೇಸಿಗೆ ಮರದ ತುದಿಯಲ್ಲಿ ಎಲೆಗಳು ಚಿಕ್ಕವಾಗಿ ಬಂದವು, ಎಲೆ ಬಣ್ಣ ತಿರುಗುವ ಅಕ್ಟೋಬರಿಗೂ ಕಾಯದೆ ಜುಲೈನಲ್ಲೇ ಹಳದಿಯಾದವು. ಮಣ್ಣು ತೆಗೆಸಿ ಎಂದು ಮೂರು ಇಮೇಲ್ ಬರೆದೆ. ಕೊನೆಗೆ ಕಾರ್ಯದರ್ಶಿ ಫೋನ್ ಮಾಡಿದರು. "ಅಂಕಲ್ ಹೆಸರಿನ ಕಟ್ಟೆ ಒಡೆಯೋದಾ ಮೇಡಂ? ಜನ ಏನಂತಾರೆ?" ಅವರಿಗೂ ಅಂಕಲ್ ಮೇಲೆ ನನ್ನಷ್ಟೇ ಪ್ರೀತಿ. ಜಗಳವಾಡಲೂ ಆಗದ ಹಾಗೆ ಮಾಡಿದ್ದು ಅದೇ.

ಕಳೆದ ಭಾನುವಾರ ಸಮಿತಿಯ ಸಭೆಗೆ ಹೋಗಿದ್ದೆ. ಪ್ರಸಾದದ ಪಟ್ಟಿ ಮುಗಿಯಿತು. "ಬೇರೆ ಏನಾದ್ರೂ ಇದೆಯಾ?" ಎಂದು ಕಾರ್ಯದರ್ಶಿ ಕೇಳಿದರು. ಎಲ್ಲರೂ ಕುರ್ಚಿ ಮಡಚತೊಡಗಿದರು, ನಾನೂ ನನ್ನದನ್ನು ಮಡಚಿದೆ. ಎದ್ದು ನಿಂತು ಬೇಡ ಎನ್ನುವವರು ಆ ಕೋಣೆಯಲ್ಲಿ ಈಗ ಒಬ್ಬರೂ ಇಲ್ಲ.