ನಾರಪ್ಪನ ಬಲಗಾಲು

ಮಾರಂಡಹಳ್ಳಿಯ ಟ್ಯಾಕ್ಸಿ ನಾರಪ್ಪನ ಬಲಗಾಲಿಗೆ ನೆಮ್ಮದಿಯೆಂಬುದೇ ಇರಲಿಲ್ಲ. ಅವನ ಹಳೇ ಅಂಬಾಸಿಡರಿನ ಡ್ರಮ್ ಬ್ರೇಕು ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಕಾದು ಕೈಕೊಡುತ್ತಿತ್ತು. ತಿರುವು ಬರುವ ಮೊದಲೇ ತುಳಿತುಳಿದು ರೂಢಿಯಾಗಿ, ಬಸ್ಸಿನಲ್ಲಿ ಕೂತರೂ ಅವನ ಕಾಲು ನೆಲ ಒತ್ತುತ್ತಿತ್ತು.

ತೊಂಬತ್ತೆಂಟನೇ ಇಸವಿಯಲ್ಲಿ ಸೇಲಂನ ಮೆಕ್ಯಾನಿಕ್ ಒಬ್ಬನಿಂದ ಮುಂದಿನ ಚಕ್ರಗಳಿಗೆ, ಬಿಸಿಯಾದರೂ ಕೈಕೊಡದ ಡಿಸ್ಕ್ ಬ್ರೇಕು ಹಾಕಿಸಿಕೊಂಡು ಬಂದ. ಹೆಂಡತಿ ಮುತ್ಯಾಲಮ್ಮ ಗಾಡಿಗೆ ಕರ್ಪೂರ ಬೆಳಗಿ, ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟಳು. ಗಾಡಿ ಕದಲಿದ್ದೇ ತಡ, ಕಾಲು ತಾನಾಗಿ ಬ್ರೇಕು ತುಳಿಯಿತು. ಗಾಡಿ ನಿಂಬೆಹಣ್ಣನ್ನು ಮುಟ್ಟದೆ ಗಕ್ಕನೆ ನಿಂತಿತು. ಮತ್ತೆ ಹೊರಟ, ಮತ್ತೆ ನಿಂತಿತು.

"ಥೂ, ಶನಿ ಬ್ರೇಕು!" ಎಂದು ರೇಗಿದ.

"ಬ್ರೇಕು ಸರಿಯಾಗೇ ಐತೆ," ಎಂದಳು ಮುತ್ಯಾಲಮ್ಮ. "ವಂಡಿ ಮನೇಗ್ ಬಂದೈತೆ. ನಿನ್ ಕಾಲೊಂದೇ ಇನ್ನೂ ಘಾಟಿ ಇಳೀತಾ ಐತೆ."