ಎಡಗಡೆಯವನು ಕಾಯುವ ಆರು ತಾಸು

ಆಗಸ್ಟ್ 17, ಭಾನುವಾರ, ಬೆಳಿಗ್ಗೆ 6:40. ಬರೆಯಲು ಕೂತಿದ್ದೇನೆ. ಮುಂದೆ ಹಳೆಯ ನೋಟುಬುಕ್ಕಿದೆ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗಿನದು. ನೂರು ಪುಟದಲ್ಲಿ ಹದಿನಾಲ್ಕು ಮಾತ್ರ ತುಂಬಿವೆ.

ಆಗೆಲ್ಲ ರಬಕವಿಯ ನಮ್ಮ ಓಣಿಯಲ್ಲಿ ಮೌನವೆಂದರೆ ಹೆದರಿಕೆ. ಹದಿನೇಳು ಮನೆಗಳ ಪೈಕಿ ಹನ್ನೊಂದರಲ್ಲಿ ಪಾವರ್‌ಲೂಮ್ ಇದ್ದವು. ಹಗಲೆಲ್ಲ ಖಟಖಟ ಸದ್ದು, ಎಣ್ಣೆಯ ವಾಸನೆ, ಮೂಗಿಗೆ ಹತ್ತುವ ನೂಲಿನ ಧೂಳು. ಸದ್ದು ನಿಂತರೆ ಹೆಂಗಸರು ಮೊದಲು ಬಲ್ಬು ನೋಡುತ್ತಿದ್ದರು. ಬಲ್ಬು ಉರಿಯುತ್ತಿದ್ದರೆ ಸೆರಗು ಸರಿಮಾಡಿಕೊಂಡು ಹೊರಗೆ ಬರುತ್ತಿದ್ದರು. ಓಣಿಯಲ್ಲಿ ಯಾರೋ ತೀರಿದ್ದಾರೆ ಎಂದೇ ಅರ್ಥ.

ನಮ್ಮ ದಾದಿ, ಎಂದರೆ ಅಪ್ಪನ ತಾಯಿ, ಪಡಸಾಲೆಯಲ್ಲಿ ರಾಟಿ ಇಟ್ಟುಕೊಂಡು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಓಣಿಯ ಆ ತುದಿಯ ಮನೆಯ ಗಂಗವ್ವಾಯಿಯೂ ತನ್ನ ರಾಟಿ ತಂದು ಜೊತೆಗೆ ಕೂಡುತ್ತಿದ್ದಳು. ಇಬ್ಬರಿಗೂ ಇಪ್ಪತ್ತು ವರ್ಷಗಳ ಒಡನಾಟ. ಜೂನ್ ತಿಂಗಳು, ಸಾಲೆ ಆಗಷ್ಟೇ ಶುರುವಾಗಿತ್ತು. ಒಂದು ಮಧ್ಯಾಹ್ನ ದಾದಿ ಸುತ್ತುತ್ತಲೇ ಹೇಳಿದಳು.

"ಬಲಗಡಿ ಹೆಗಲ ಮ್ಯಾಲ ಒಬ್ಬ ಫರಿಸ್ತಾ, ಅಲ್ಲಾನ ದೂತ, ಕೂತಿರ್ತಾನ, ಎಡಗಡಿ ಒಬ್ಬಾಂವ. ಛಲೋದು ಬಲಗಡಿಯಾಂವ ಬರೀತಾನ, ಕೆಟ್ಟದ್ದು ಎಡಗಡಿಯಾಂವ. ಸತ್ತ ದಿನಾ ಪುಸ್ತಕ ಮುಚ್ತಾರ."

"ಮತ್ತ ಯಾವಾಗ ತಗೀತಾರ?"

"ಖಯಾಮತ್ ದಿನಾ, ಎಲ್ಲಾರ ಲೆಕ್ಕಾ ಆಗೂ ದಿನಾ. ಬಲಗೈಯಾಗ ಕೊಟ್ರ ಪಾರು. ಎಡಗೈಯಾಗ ಕೊಟ್ರ..." ದಾದಿ ನೂಲನ್ನು ಹಲ್ಲಿನಿಂದ ಕಡಿದಳು.

ನನಗೆ ಅದೇ ವಾರ ಹೊಸ ನೋಟುಬುಕ್ಕು ಬಂದಿತ್ತು. ನಡುವೆ ಗೆರೆ ಎಳೆದು ಎಡ, ಬಲ ಎಂದು ಬರೆದೆ. ಮನೆಯವರೆಲ್ಲರ ಲೆಕ್ಕ ಅಂದಿನಿಂದ ನನ್ನದಾಯಿತು, ತಾರೀಖು ಮತ್ತು ವೇಳೆಯ ಸಮೇತ. ಅಮ್ಮ ತನ್ನ ಹೆಸರು ಬಲಕ್ಕೆ ಬೀಳಲೆಂದು ಬೆಲ್ಲದ ಚೂರು ಕೊಡುತ್ತಿದ್ದಳು. ಕಾಕಾ ಮಗ್ಗ ನಿಲ್ಲಿಸಿದ ಕೂಡಲೇ ಕೈಮುಗಿಯುತ್ತಿದ್ದ.

"ಫರಿಸ್ತೆ ಸಾಹೇಬ್ರ, ಇವತ್ತ ನಮ್ಮ ಹೆಸರಿಗಿ ಏನರ ಬಿತ್ತೇನ್ರಿ?"

"ಎಡಕ್ಕ ಎರಡು. ಬೀಡಿ ಸೇದಿ, ಬಾಯಿ ತೊಳದು ದಾದಿ ಮುಂದ ನಿಂತಿ."

"ಅದು ಒಂದ ಆತಲ್ಲಲೇ!"

"ಸೇದಿದ್ದು ಒಂದು. ಮುಚ್ಚಿದ್ದು ಒಂದು."

ಎಲ್ಲರೂ ನಕ್ಕರು. ದಾದಿ ಎಲ್ಲರಿಗಿಂತ ಹೆಚ್ಚು ನಕ್ಕಳು.

ಎರಡನೆಯ ವಾರ ದಾದಿಯ ಬೆಳ್ಳಿಯ ಸುರಮಾದಾನಿ ಕಾಣೆಯಾಯಿತು. ಮದುವೆಯಲ್ಲಿ ಬಂದದ್ದು, ಕಣ್ಣಿಗೆ ಹಚ್ಚುವ ಸುರಮಾ ಇಡುವ ಡಬ್ಬಿ. ಶುಕ್ರವಾರ ಗಂಗವ್ವಾಯಿಯೂ ನಮ್ಮ ಬಳಗದ ಮೂವರು ಹೆಂಗಸರೂ ಕಂಡಿಕೆ ಸುತ್ತಲು ಕೂತಿದ್ದಾಗ ದಾದಿ ಅಂದುಬಿಟ್ಟಳು, "ಮನ್ಯಾಗ ನಾವ ನಾವ ಇದ್ದೀವಿ. ಹೊರಗಿನಾಕಿ ಅಂದ್ರ ಒಬ್ಬಾಕಿನ."

ಗಂಗವ್ವಾಯಿ ಅರ್ಧ ಸುತ್ತಿದ ಕಂಡಿಕೆ ಬಿಟ್ಟು, ರಾಟಿ ಎತ್ತಿಕೊಂಡು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನು ಎಣಿಸಿದೆ, ಒಂಬತ್ತು ದಿನ.

ಒಂಬತ್ತನೆಯದು ಭಾನುವಾರ. ಶಬೇ ಬರಾತ್ ಹತ್ತಿರ ಬಂದಿತ್ತು. ಆ ರಾತ್ರಿ ಮುಂದಿನ ವರ್ಷ ಸಾಯುವವರ ಹೆಸರು ಮೇಲೆ ಬರೆಯುತ್ತಾರೆಂದು ನಮ್ಮಲ್ಲಿ ನಂಬಿಕೆ. ಪ್ರತಿವರ್ಷ ಅದೇ ವಾರ ದಾದಿ ತಾನು ಸತ್ತಾಗ ಸುತ್ತಲೆಂದು ಎತ್ತಿಟ್ಟ ಕಫನ್ ಬಟ್ಟೆಗೆ ಬಿಸಿಲು ಕಾಣಿಸುತ್ತಿದ್ದಳು. ಒಳಗಿನಿಂದ ಅಮ್ಮ ಕಡಲೆಬೇಳೆ ಹಲ್ವಾ ತಿರುವುವ ತುಪ್ಪದ ವಾಸನೆ ಬರುತ್ತಿತ್ತು. ದಾದಿ ಟ್ರಂಕಿನಿಂದ ಬಿಳಿ ಗಂಟು ತೆಗೆದಳು. ಕರ್ಪೂರ, ಅತ್ತರಿನ ಶೀಸೆ, ಐದು ತುಂಡು ಬಟ್ಟೆ. ಕೊನೆಯ ತುಂಡು ಝಾಡಿಸಿದಾಗ ಸುರಮಾದಾನಿ ನೆಲಕ್ಕೆ ಬಿತ್ತು. ಜೋಪಾನವಾಗಿರಲೆಂದು ತಾನೇ ಇಟ್ಟು ಮರೆತಿದ್ದಳು.

ದಾದಿ ಅಡುಗೆಮನೆಯ ಕಡೆ ನೋಡಿದಳು. ಡಬ್ಬಿಯನ್ನು ಮತ್ತೆ ಬಟ್ಟೆಯೊಳಗೆ ಸುತ್ತಿ ಟ್ರಂಕು ಮುಚ್ಚಿದಳು. ಬಾಗಿಲ ಹಿಂದೆ ನಾನಿದ್ದೆ. 10:20.

ಮಧ್ಯಾಹ್ನ ನಮಾಜು, ಊಟ ಎಲ್ಲ ಮುಗಿಸಿ ದಾದಿ ಒರಗಿದ್ದಳು. ನಾನು ಹೋಗಿ ಓದಿ ತೋರಿಸಿದೆ. "ಎಡ. ದಾದಿ. ಸುರಮಾದಾನಿ ಸಿಕ್ಕಿತು. ಮುಚ್ಚಿಟ್ಟಳು. ಗಂಗವ್ವಾಯಿಗೆ ಹೇಳಲಿಲ್ಲ."

"ಅಲ್ಲಾಂದು ಅಲ್ಲಾ ಮಾಫ್ ಮಾಡ್ತಾನ," ಅಂದಳು ದಾದಿ, ತನಗೇ ಹೇಳಿಕೊಂಡಂತೆ. "ಮನಷ್ಯಾರದು ಮನಷ್ಯಾರ ಮಾಡಬೇಕು. ಇಲ್ಲಾಂದ್ರ ನಮ್ಮ ಬಲಗಡಿದ್ದು ತಗದು ಅವರಿಗಿ ಕೊಡ್ತಾರ. ಅದೂ ಸಾಲಲಿಲ್ಲಾಂದ್ರ ಅವರ ಪಾಪ ನಮ್ಮ ಮ್ಯಾಲ." ಆಮೇಲೆ ನನ್ನ ಕಡೆ ತಿರುಗಿದಳು. "ಅಳಸಿ ಬಿಡ ಮುನ್ನಿ, ಆ ಸಾಲ."

"ಫರಿಸ್ತೆ ಅಳಸ್ತಾರೇನ?"

"ಎಷ್ಟೊತ್ತಿಗಿ ಬರದಿ?"

"ಹತ್ತೂ ಇಪ್ಪತ್ತೈದಕ್ಕ."

"ಐದ ನಿಮಿಷಕ್ಕ? ಎಡಗಡಿಯಾಂವ ಆರು ತಾಸು ಪೆನ್ನ ಎತ್ತಿ ಹಿಡದು ಕಾಯ್ತಾನ ಹುಚ್ಚಿ. ಅಷ್ಟ್ರಾಗ ಮಾಫಿ ಕೇಳಿದ್ರ ಬರಿಯೂದ ಇಲ್ಲ. ನಮ್ಮ ಅಮ್ಮ ಹೇಳ್ತಿದ್ಲು. ಈಗ ಎಷ್ಟಾತು?"

"ಮೂರೂ ಐವತ್ತು."

ದಾದಿಗೆ ಎರಡೂ ಮೊಣಕಾಲು ಹಿಡಿದಿದ್ದವು. ಅಂದು ಗೋಡೆ ಹಿಡಿದು ಎದ್ದಳು, ಟ್ರಂಕು ತೆಗೆದಳು, ಸುರಮಾದಾನಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಓಣಿ ದಾಟುವಾಗ ಎರಡು ಕಡೆ ನಿಂತಳು. 4:10ಕ್ಕೆ ಗಂಗವ್ವಾಯಿಯ ಬಾಗಿಲು ತಟ್ಟಿದಳು. ಮೂರು ಸಲ. ಚಿಲಕಕ್ಕೆ ಕೀಲಿ ಹಾಕಿದ್ದು ಕಾಣುತ್ತಿತ್ತು, ಆದರೂ ತಟ್ಟಿದಳು.

ಪಕ್ಕದ ಮನೆಯ ಹೆಂಗಸು ಇಣುಕಿದಳು. "ಗಂಗವ್ವ ಇವತ್ತ ಮುಂಜಾನೆ ತವರಿಗಿ ಹೋಗ್ಯಾಳ್ರಿ, ಗಲಗಲಿಗಿ. ಇಲ್ಲಿ ಮಾರಿ ತೋರಸೂದ ಆಗವಲ್ದು ಅಂದ್ಲು. ಬುಧವಾರ ಬರ್ತಾಳ."

ದಾದಿ ಕಟ್ಟೆಯ ಮೇಲೆ ಕೂತಳು. ನಾನು ಅಪ್ಪನ ಕೈಗಡಿಯಾರ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಆಮೇಲೆ ನಾನು ಹೇಳಿದ ಮಾತು ನೋಟುಬುಕ್ಕಿನಲ್ಲಿಲ್ಲ, ಆದರೂ ಮರೆತಿಲ್ಲ.

"ದಾದಿ, ಟೈಮ್ ಆತು."

ದಾದಿ ತಲೆಯಾಡಿಸಿದಳು. "ಬುಧವಾರ ತನಕ ಇರಬೇಕಾತಲ್ಲ," ಅಂದಳು.

ಸೋಮವಾರ ಜ್ವರ ಬಂತು. ಹಲ್ವಾ ಬಾಯಿಗೆ ಇಡಲಿಲ್ಲ. ಯಾರು ಹೊಸ್ತಿಲ ಹತ್ತಿರ ಬಂದರೂ "ಗಂಗವ್ವ ಏನ?" ಎಂದು ಕೇಳುತ್ತಿದ್ದಳು. ಅಪ್ಪ ಡಾಕ್ಟರನ್ನು ಕರೆಸಿದ. ಮಂಗಳವಾರ ಬೆಳಗಿನ ನಮಾಜಿನ ಹೊತ್ತಿಗೆ ದಾದಿ ಬಾಗಿಲ ಕಡೆ ನೋಡುತ್ತ ಕಲಿಮಾ ಹೇಳಿದಳು. ಅವಳ ಕಣ್ಣು ಮತ್ತೆ ಈ ಕಡೆ ತಿರುಗಲಿಲ್ಲ. 5:35.

ಹನ್ನೊಂದು ಮನೆಗಳ ಮಗ್ಗಗಳು ಒಂದೊಂದಾಗಿ ನಿಂತವು. ಬಲ್ಬು ಉರಿಯುತ್ತಲೇ ಇತ್ತು.

ದಾದಿಯನ್ನು ಹೊತ್ತ ಜನಾಜಾ 2:00ಕ್ಕೆ ಹೊರಟಿತು. ನಮ್ಮಲ್ಲಿ ಹೆಂಗಸರು ಖಬರಸ್ಥಾನಕ್ಕೆ ಹೋಗುವುದಿಲ್ಲ. ಗಂಗವ್ವಾಯಿ ಸುದ್ದಿ ಕೇಳಿ ಬಸ್ಸು ಹಿಡಿದು ಬಂದದ್ದು 2:10ಕ್ಕೆ. ಹತ್ತು ನಿಮಿಷ ತಡ. ಮಣ್ಣು ಕೊಟ್ಟವರು ತಿರುಗಿ ನಲವತ್ತು ಹೆಜ್ಜೆ ನಡೆದರೆ ಗೋರಿಯಲ್ಲಿ ಪ್ರಶ್ನೆ ಕೇಳುವ ಇಬ್ಬರು ಫರಿಸ್ತೆಯರು ಬರುತ್ತಾರೆಂದು ನನಗೆ ಗೊತ್ತಿತ್ತು. ನೋಟುಬುಕ್ಕು ಹಿಡಿದು ಹೊಸ್ತಿಲಲ್ಲೇ ಅವಳನ್ನು ತಡೆದೆ. ಓದಿ ಹೇಳಿದೆ.

"ಮಾಫ್ ಮಾಡೀನಿ ಅನ್ರಿ ಆಯಿ. ಜಲ್ದಿ ಅನ್ರಿ. ಮಣ್ಣ ಕೊಡಾಕತ್ತಾರ."

ಅಳುತ್ತ ಬಂದವಳ ಅಳು ನಿಂತುಹೋಯಿತು.

"ಸಿಕ್ಕಿತ್ತಾ?"

"ಭಾನುವಾರ ಸಿಕ್ತು."

"ಒಂಬತ್ತ ದಿನಾ ಯಾರೂ ನನ್ನ ಜೋಡಿ ಕೂಡಲಿಲ್ಲ. ಆಕೀನ ಬಂದು ಹೇಳಬೇಕಿತ್ತು."

"ಬಂದಿದ್ಲರಿ. ಬಾಗಲಾ ಬಡದ್ಲು. ಕೀಲಿ ಇತ್ತು."

ಗಂಗವ್ವಾಯಿ ಓಣಿಯ ಆ ತುದಿಯ ತನ್ನ ಬಾಗಿಲನ್ನು ನೋಡಿದಳು. ಹೊಸ್ತಿಲ ಮೇಲೆ ಕೂತಳು. ನಾನು ಮತ್ತೆ ಕೇಳಿದೆ, ಇನ್ನೊಮ್ಮೆ ಕೇಳಿದೆ. ಅವಳ ತುಟಿ ಅಲುಗಿತು, ಮಾತು ಬರಲಿಲ್ಲ. ಅಷ್ಟರಲ್ಲಿ ಓಣಿಯ ಬಾಯಿಯಲ್ಲಿ ಟೋಪಿ ಹಾಕಿದ ಗಂಡಸರು ಕಂಡರು. ಎಲ್ಲರೂ ತಿರುಗಿ ಬರುತ್ತಿದ್ದರು. 2:55. ಗಂಗವ್ವಾಯಿ ನೀರೂ ಕುಡಿಯದೆ ಎದ್ದು ಹೋದಳು.

ಮಾಫಿಗೆ ಆ ನಲವತ್ತು ಹೆಜ್ಜೆಯ ಗಡುವಿಲ್ಲ, ಆಮೇಲೂ ಕೇಳಬಹುದಿತ್ತು ಎಂದು ದೊಡ್ಡವಳಾದ ಮೇಲೆ ತಿಳಿಯಿತು. ಆಗ ಹೆದರಿ ಅವಳ ಮನೆಯ ಕಡೆ ಹೋಗಲಿಲ್ಲ. ದೀಪಾವಳಿ ಮುಗಿದ ಮೇಲೆ ಅವಳ ಮಗ ಮಗ್ಗ ಮಾರಿ ಎಲ್ಲರನ್ನೂ ಇಚಲಕರಂಜಿಗೆ ಕರೆದುಕೊಂಡು ಹೋದ. ಸತ್ತವರ ತಪ್ಪನ್ನು ಆಡಬಾರದು, ಮುಚ್ಚಬೇಕು ಎಂಬುದನ್ನೂ ತಡವಾಗಿ ಕಲಿತೆ. ನಾನು ಹೊಸ್ತಿಲಲ್ಲೇ ಆಡಿದೆ. ಈಗ ನಿಮ್ಮ ಮುಂದೆಯೂ ಆಡಿದೆ. ನನ್ನ ಎಡಗಡೆಯವನು ಕಾಯುತ್ತಿರಬೇಕು.

ಈಗ ಓಣಿಯಲ್ಲಿ ಮೂರೇ ಮನೆಗಳಲ್ಲಿ ಮಗ್ಗಗಳಿವೆ. ಹಗಲಲ್ಲೂ ಮೌನ. ಯಾರೂ ಬಲ್ಬು ನೋಡುವುದಿಲ್ಲ. ಕಂಡಿಕೆ ಸುತ್ತುವ ಯಂತ್ರ ಬಂದಿದೆ. ಬಾಗಿಲು ತಟ್ಟಿ ಒಳಗೆ ಬರುವವರು ದಿನಕ್ಕೆ ಒಬ್ಬರು, ಇಬ್ಬರು. ಅದನ್ನೂ ಎಣಿಸಿದ್ದೇನೆ.

ಹದಿನಾಲ್ಕನೆಯ ಪುಟದ ಎಡಗಡೆ 10:20ರ ಸಾಲು ಹಾಗೇ ಇದೆ. ಬಲಗಡೆ ದಾದಿ ತೀರಿದ ದಿನ ಬರೆದದ್ದು ಒಂದೇ ಸಾಲು: "4:10. ಬಾಗಿಲು ತಟ್ಟಿದಳು. ಮೂರು ಸಲ."

ರಬಕವಿಯಿಂದ ಹೋದ ಗಂಗವ್ವ ಎಂಬ ಮುದುಕಿಯ ಸುದ್ದಿ ಯಾರಿಗಾದರೂ ಗೊತ್ತಿದ್ದರೆ ಬರೆಯಿರಿ. ಇದ್ದರೆ ನಾನೇ ಬಂದು ಕೇಳುತ್ತೇನೆ. ಇಲ್ಲದಿದ್ದರೆ, ಧರ್ಮದ ಕಿತಾಬು ಓದಿ ತಿಳಿದವರು ಇದಿಷ್ಟನ್ನು ಬರೆಯಿರಿ. ಆರು ತಾಸು ಮುಗಿಯಲು ಹತ್ತು ನಿಮಿಷವಿದ್ದಾಗ ಕೀಲಿ ಹಾಕಿದ ಬಾಗಿಲನ್ನು ತಟ್ಟಿದರೆ, ಎಡಗಡೆಯವನು ಬರೆಯುತ್ತಾನೆಯೇ?